ಕಾಲರಿನ ನಂಬರು

ನನ್ನ ಅಪ್ಪ ಯುದ್ಧಕ್ಕೆ ಹೋಗಿದ್ದ. ಬಟ್ಟೆ ಒಗೆಯಲು.

ಹೀಗೆಂದರೆ ಜನ ನಗುತ್ತಾರೆ. ಹಾಸ್ಟೆಲಿನಲ್ಲಿ ನನ್ನ ಕೋಣೆಯ ಹುಡುಗಿಯರೂ ನಕ್ಕಿದ್ದರು. ಯುದ್ಧದಲ್ಲಿ ಬಟ್ಟೆ ಯಾರು ಒಗೀತಾರೆ ಅಂತ ಒಬ್ಬಳು ಕೇಳಿದಳು. ಲೈಬ್ರರಿಯಲ್ಲಿ ಯುದ್ಧದ ಪುಸ್ತಕಗಳು ಒಂದು ಕಪಾಟು ತುಂಬ ಇದ್ದವು. ಎಲ್ಲವನ್ನೂ ಓದಿದೆ. ಅವುಗಳಲ್ಲಿ ಜನ ಗೆಲ್ಲುತ್ತಿದ್ದರು, ಸಾಯುತ್ತಿದ್ದರು, ಹೆಂಡತಿಗೆ ಉದ್ದುದ್ದ ಕಾಗದ ಬರೆಯುತ್ತಿದ್ದರು. ಯಾರ ಅಂಗಿಯೂ ಕೊಳೆಯಾಗುತ್ತಿರಲಿಲ್ಲ.

ಓದು ಮುಗಿದ ಮೇಲೆ ನನಗೆ ಸಿಕ್ಕಿದ್ದು ಅಪ್ಪ ದುಡಿದ ಪಡೆಯ ಕಚೇರಿಯಲ್ಲೇ ಟೈಪು ಮಾಡುವ ಕೆಲಸ. ಬೆಟ್ಟದ ಯುದ್ಧ ಮುಗಿದು ನಲವತ್ತೊಂದು ವರ್ಷವಾಗಿತ್ತು. ಅದರಲ್ಲಿ ಹೋರಾಡಿದವರ ನೆನಪುಗಳನ್ನು ಪುಸ್ತಕ ಮಾಡುತ್ತಿದ್ದರು. ಮುದುಕರು ಒಬ್ಬೊಬ್ಬರಾಗಿ ಬಂದು ಮೈಕಿನ ಮುಂದೆ ಕೂರುತ್ತಿದ್ದರು. ನಾನು ಹೆಡ್‌ಫೋನ್ ಹಾಕಿಕೊಂಡು ಅವರ ಮಾತನ್ನು ಅಕ್ಷರಕ್ಕಿಳಿಸುತ್ತಿದ್ದೆ. ನಲವತ್ತೆರಡು ಜನ. ಅವರ ಕೆಮ್ಮು, ಅವರ ಅಳು, ಹಲ್ಲಿಲ್ಲದ ಬಾಯಿಯ ಶಬ್ದ ಎಲ್ಲ ನನಗೆ ಬಾಯಿಪಾಠವಾಗಿತ್ತು.

ಬೆಟ್ಟವನ್ನು ಅವರು ಮೂರು ಸಲ ಹತ್ತಿದ್ದರು. ಮೊದಲ ಸಲದ ಬಗ್ಗೆ ಗಂಟೆಗಟ್ಟಲೆ ಹೇಳುತ್ತಿದ್ದರು. ಎರಡನೇ ಸಲದ ಬಗ್ಗೆ ಅಳುತ್ತಾ ಹೇಳುತ್ತಿದ್ದರು. ಮೂರನೇ ಸಲದ ಮಾತು ಬಂದಾಗ ಎಲ್ಲರದೂ ಒಂದೇ ಮಾತು: "ಮೂರನೇ ಸಲ ಹತ್ತಿದ್ವಿ, ಗೆದ್ವಿ." ಅಷ್ಟೇ. ಒಬ್ಬ ಮಾತ್ರ ಆ ಜಾಗಕ್ಕೆ ಬಂದಾಗ ನಿಲ್ಲಿಸಿ ನೀರು ಕೇಳಿದ. ಕುಡಿದ ಮೇಲೆ ಬೇರೆ ವಿಷಯ ಎತ್ತಿದ.

ಆ ನಲವತ್ತೆರಡರಲ್ಲಿ ಏಳು ಜನ ಒಂದು ತಮಾಷೆಯ ಕಥೆ ಹೇಳಿದ್ದರು. ಪಡೆಯ ಅಗಸ ಕರ್ನಲ್ಲರ ಉಣ್ಣೆಯ ಪ್ಯಾಂಟನ್ನು ಕುದಿಯುವ ನೀರಿಗೆ ಹಾಕಿದ. ಅದು ಮಗುವಿನ ಚಡ್ಡಿಯಷ್ಟಾಯಿತು. ಕರ್ನಲ್ಲರು ಆ ದಿನದ ಪರೇಡನ್ನು ಪೈಜಾಮದಲ್ಲೇ ನೋಡಿದರು.

ಪುಸ್ತಕದ ಉಸ್ತುವಾರಿ ಒಬ್ಬ ನಿವೃತ್ತ ಮೇಜರ್‌ನದು. ಅವನು ಆ ಪುಟ ಓದಿ ಮೇಜು ಬಡಿದು ನಕ್ಕ. "ಎಲ್ಲಾ ಬರೀ ಸಾವೇ ಆಗೋಯ್ತು. ಒಂದು ನಗೋ ಪುಟ ಇರಲಿ. ಆ ಅಗಸ ಬದುಕಿದ್ದಾನಾ ನೋಡಿ" ಎಂದ.

"ಅವರು ನಮ್ಮಪ್ಪ ಸಾರ್" ಎಂದೆ.

ಮೇಜರ್ ಮೊದಲು ನನ್ನ ಕೈ ನೋಡಿದ. ಆಮೇಲೆ ಮುಖ ನೋಡಿದ.

ನಮ್ಮ ಮನೆಯಲ್ಲಿ ಇದ್ದದ್ದು ಮೂವರು. ಅಪ್ಪ, ನಾನು, ದೊಡ್ಡಮ್ಮ. ನನ್ನ ಅಮ್ಮ ನಾನು ನಡೆಯುವ ಮೊದಲೇ ತೀರಿಹೋಗಿದ್ದಳು. ನನ್ನನ್ನು ಎತ್ತಿ ಆಡಿಸಿದ್ದು, ಹೊಡೆದು ಬೆಳೆಸಿದ್ದು ದೊಡ್ಡಮ್ಮ. ಅವಳು ಅಪ್ಪನ ಅಣ್ಣನ ಹೆಂಡತಿ. ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಿದ್ದಳು. ದಿನವಿಡೀ ಯಂತ್ರಗಳ ಸದ್ದಿನಲ್ಲಿ ಮಾತಾಡಿ ಅವಳ ದನಿ ಗಟ್ಟಿಯಾಗಿತ್ತು. ಮನೆಯಲ್ಲಿ ಉಪ್ಪು ಕೇಳಿದರೂ ಬೀದಿಯ ಕೊನೆಗೆ ಕೇಳಿಸುತ್ತಿತ್ತು.

ದೊಡ್ಡಪ್ಪನೂ ಅದೇ ಪಡೆಯಲ್ಲಿ ಅಗಸ. ಬಟ್ಟೆ ಬಡಿಯುವಾಗ ಸೀಟಿ ಹಾಕುತ್ತಿದ್ದನಂತೆ. ಅದಕ್ಕೇ ಎಲ್ಲರೂ ಅವನನ್ನು ಸೀಟಿ ಅನ್ನುತ್ತಿದ್ದರು. ಯುದ್ಧದ ಕೊನೆಯಲ್ಲಿ ದೊಡ್ಡಮ್ಮನಿಗೆ ಒಂದು ಕಾಗದ ಬಂತು. ಅವಳಿಗೆ ಓದಲು ಬರುತ್ತಿರಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದ ಮೇಷ್ಟರನ್ನು ನಿಲ್ಲಿಸಿ ಓದಿಸಿದಳು. ಅವರು ಎಲ್ಲರೆದುರು ಗಟ್ಟಿಯಾಗಿ ಓದಿದರು. ನಿಮ್ಮ ಗಂಡ ಕೆಲಸದ ಜಾಗ ಬಿಟ್ಟು ಓಡಿಹೋಗಿದ್ದಾನೆ, ಕಂಡಲ್ಲಿ ಕೂಡಲೇ ತಿಳಿಸತಕ್ಕದ್ದು.

ಆವತ್ತಿನಿಂದ ಅವಳು ಓಡಿಹೋದವನ ಹೆಂಡತಿ. ನೀರಿನ ಸಾಲಿನಲ್ಲಿ ಹಾಗೇ ಕರೆದರು. ಲಾಂಡ್ರಿಯಲ್ಲಿ ಹಾಗೇ ಕರೆದರು. ಮೂರು ಸಲ ಪೊಲೀಸರು ಬಂದು ಮನೆ ಜಾಲಾಡಿದರು. ಅಕ್ಕಿಯ ಡಬ್ಬದೊಳಗೆ ಲಾಠಿ ತೂರಿಸಿ ತಿರುವಿದರು. ಗಂಡ ಸತ್ತವರಿಗೆ ಪಡೆ ಕೊಟ್ಟ ಮನೆಗಳು ಅವಳಿಗಿಲ್ಲ, ಅವಳ ಗಂಡ ಸತ್ತಿರಲಿಲ್ಲ. ಮತ್ತೆ ಮದುವೆಗೆ ಕೇಳಿ ಬಂದವನೊಬ್ಬ ಬಾಗಿಲಿಂದಲೇ ಹೋದ. ಅವಳ ಗಂಡ ಸತ್ತಿರಲಿಲ್ಲ.

ದೊಡ್ಡಮ್ಮ ಬೈದೇ ಬದುಕಿದಳು. "ಎಲ್ಲೋ ಯಾವಳದೋ ಕೈ ಅಡುಗೆ ತಿಂದು ಹೊಟ್ಟೆ ಬೆಳೆಸಿರ್ತಾನೆ. ಬರಲಿ, ಆ ಹೊಟ್ಟೆಗೇ ಒದೀತೀನಿ." ಬೈಯುವಾಗ ಅವಳ ಮುಖದಲ್ಲಿ ಒಂದು ಕಳೆ ಬರುತ್ತಿತ್ತು. ಬೈಯಲು ಅವನು ಎಲ್ಲೋ ಇದ್ದ.

ಅವಳು ಹೀಗೆ ಶುರು ಮಾಡಿದರೆ ಅಪ್ಪ ಎದ್ದು ಹೊರಗೆ ಹೋಗುತ್ತಿದ್ದ.

ಬಟ್ಟೆ ಕಂಡರೆ ಅಪ್ಪನಿಗೆ ಏನೋ ಆಗುತ್ತಿತ್ತು. ನಮ್ಮ ಮನೆಯ ಯಾವ ಬಟ್ಟೆಯ ಒಳಗೂ ಚೀಟಿಯಿಲ್ಲ, ಗುರುತಿಲ್ಲ. ತಂದ ದಿನವೇ ಬ್ಲೇಡಿನ ತುದಿಯಿಂದ ಬಿಚ್ಚಿಬಿಡುತ್ತಿದ್ದ. ಹಾಸ್ಟೆಲಿನಲ್ಲಿ ನಮ್ಮ ಬಟ್ಟೆಗೆ ನಂಬರು ಹೊಲಿಸಬೇಕಿತ್ತು. ರಜೆಗೆ ಬಂದಾಗಲೆಲ್ಲ ಅಪ್ಪ ಅದನ್ನು ಬಿಚ್ಚಿಹಾಕುತ್ತಿದ್ದ. ಹೋದ ಮೇಲೆ ವಾರ್ಡನ್ ಕೈಲಿ ನನಗೆ ಬೈಗುಳ. ತಂತಿಯ ಮೇಲೆ ಒದ್ದೆ ಅಂಗಿಗಳು ಗಾಳಿಗೆ ಉಬ್ಬಿದರೆ ಒಳಗೆ ಬಂದು ಬಾಗಿಲು ಹಾಕಿಕೊಳ್ಳುತ್ತಿದ್ದ. ದೊಡ್ಡಮ್ಮ ಹೊರಗಿನಿಂದ ಕೂಗುತ್ತಿದ್ದಳು: "ಅಂಗಿ ಕಂಡ್ರೆ ಹೆದರೋ ಅಗಸನ್ನ ನಾನು ಇಲ್ಲೇ ನೋಡಿದ್ದು ಕಣೋ."

ಮೇಜರ್ ಕರೆದಿದ್ದಾನೆ ಅಂದಾಗ ಅಪ್ಪ ಒಲ್ಲೆ ಎಂದ. ದೊಡ್ಡಮ್ಮನೇ ಬಲವಂತ ಮಾಡಿದಳು. "ಹೋಗಿ ಆ ಪ್ಯಾಂಟಿನ ಕಥೆ ಒದರಿ ಬಾ. ಈ ಮನೇಲಿ ಒಬ್ಬರದಾದರೂ ಮುಖ ಪುಸ್ತಕದಲ್ಲಿ ಬರಲಿ. ಇನ್ನೊಬ್ಬನಂತೂ ಮಾನ ತೆಗೆದ."

ಅಪ್ಪ ಅವಳನ್ನೇ ನೋಡಿದ. ಆಮೇಲೆ ಅಂಗಿ ಹಾಕಿಕೊಂಡ.

ರೆಕಾರ್ಡಿಂಗ್ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಗೋಡೆಗೆಲ್ಲ ದಪ್ಪ ಬಟ್ಟೆ. ಯಂತ್ರದವನು ಮೂಲೆಯಲ್ಲಿ. ಅವನ ಪಕ್ಕ ನಾನು. ಅಪ್ಪ ಕುರ್ಚಿಯ ಅಂಚಿನಲ್ಲಿ ಕೂತ. ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡ.

"ಶುರು ಮಾಡು" ಎಂದ ಮೇಜರ್. ನಲವತ್ತೆರಡು ಜನಕ್ಕೂ ಅವನು 'ಶುರು ಮಾಡಿ' ಎಂದಿದ್ದ.

ಅಪ್ಪ ಪ್ಯಾಂಟಿನ ಕಥೆ ಹೇಳಿದ. ಚೆನ್ನಾಗಿಯೇ ಹೇಳಿದ. ಕರ್ನಲ್ಲರು ಆ ಚಡ್ಡಿ ಎತ್ತಿ ಹಿಡಿದು, 'ಇದರೊಳಗಿದ್ದ ನಾನೆಲ್ಲಿ ಹೋದೆ?' ಎಂದದ್ದನ್ನೂ ಹೇಳಿದ. ಅದು ಆ ಏಳು ಜನಕ್ಕೆ ಗೊತ್ತಿರಲಿಲ್ಲ. ಮೇಜರ್ ಕಣ್ಣೀರು ಬರುವಷ್ಟು ನಕ್ಕ.

"ಸಾಕು, ಬಹಳ ಚೆನ್ನಾಗಿತ್ತು" ಎಂದ.

"ರಕ್ತಕ್ಕೆ ಬಿಸಿನೀರು ಹಾಕಬಾರದು ಸಾರ್" ಎಂದ ಅಪ್ಪ.

"ಏನು?"

"ಬೇಯುತ್ತೆ. ಬೆಂದ ರಕ್ತ ಬಿಡಲ್ಲ. ತಣ್ಣೀರೇ ಆಗಬೇಕು. ಬೆಟ್ಟದ ಕೆಳಗೆ ಡ್ರಮ್ಮಿನ ನೀರು ಮಂಜುಗಡ್ಡೆ ಆಗ್ತಿತ್ತು. ಸುತ್ತಿಗೆಯಿಂದ ಒಡೆದು ಕೈ ಹಾಕ್ತಿದ್ವಿ. ನಾನು, ನಮ್ಮಣ್ಣ. ಬೆರಳು ಸೀಳಿಹೋಗಿ ನಮ್ಮ ರಕ್ತ ಯಾವುದು, ಬಟ್ಟೇದು ಯಾವುದು ಗೊತ್ತಾಗ್ತಿರಲಿಲ್ಲ."

ಮೇಜರ್ ಗಡಿಯಾರ ನೋಡಿಕೊಂಡ. ಯಂತ್ರ ಓಡುತ್ತಿತ್ತು.

ಅಪ್ಪ ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ. ಅದನ್ನು ಟೈಪು ಮಾಡಲು ನನಗೆ ಬಿಡಲಿಲ್ಲ.

ಸಮವಸ್ತ್ರ ಸಾಲದೆ ಬಂದಿತ್ತು. ಹಾಗಾಗಿ ಸತ್ತವರ ಮೈಮೇಲಿನದನ್ನು ಬಿಚ್ಚಿ ಕೆಳಗೆ ಕಳಿಸುತ್ತಿದ್ದರು. ಅದನ್ನು ಒಗೆಯಬೇಕು. ತೂತುಗಳನ್ನು ಹೊಲಿಯಬೇಕು. ಕಾಲರಿನ ಒಳಗೆ ಬಿಳಿ ದಾರದಲ್ಲಿ ಸೈನಿಕನ ನಂಬರು ಇರುತ್ತಿತ್ತು. ಅದನ್ನು ಬ್ಲೇಡಿನಿಂದ ಬಿಚ್ಚಬೇಕು. ಹೊಸದಾಗಿ ಬಂದವನ ನಂಬರು ಹೊಲಿಯಬೇಕು. ಸತ್ತಾಗ ಹೂಳುವವರು ಕಾಲರು ಮಗುಚಿ ನಂಬರು ಕೂಗುತ್ತಿದ್ದರು. ಗುಮಾಸ್ತ ಅದನ್ನು ಬರೆದುಕೊಳ್ಳುತ್ತಿದ್ದ. ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ಅಂಕಿ ಮಾತ್ರ ಬರುತ್ತಿತ್ತು. ಅದನ್ನೂ ಸತ್ತವರ ಕಾಲರಿನಿಂದಲೇ ಕಲಿತದ್ದು.

ಅಗಸರು, ಅಡುಗೆಯವರು, ಕಕ್ಕಸು ಬಳಿಯುವವರು, ಕ್ಷೌರದವನು ಇವರಿಗೆಲ್ಲ ನಂಬರಿರಲಿಲ್ಲ. ಇವರನ್ನು ಹಿಂಬಾಲಕರು ಅನ್ನುತ್ತಿದ್ದರು. ಹಿಂಬಾಲಕರನ್ನು ಕಾದಾಟಕ್ಕೆ ಕಳಿಸಬಾರದು ಅಂತ ಕಾನೂನೇ ಇತ್ತು.

ಎರಡನೇ ಸಲ ಹತ್ತಿ ಸೋತು ಬಂದ ಮೇಲೆ ಪಡೆಯಲ್ಲಿ ಜನವೇ ಉಳಿದಿರಲಿಲ್ಲ. ಬೆಳಿಗ್ಗೆ ಹತ್ತು ಗಂಟೆಗೆ ಕ್ಯಾಪ್ಟನ್ ಒಗೆಯುವ ಶೆಡ್ಡಿಗೆ ಬಂದ. ಶೆಡ್ಡಿನ ಹಿಂದೆ ಎಲ್ಲ ಹಿಂಬಾಲಕರನ್ನೂ ನಿಲ್ಲಿಸಿದ. ಹನ್ನೆರಡು ಜನ. ಇಬ್ಬರು ಅಗಸರು, ಮೂವರು ಅಡುಗೆಯವರು, ಕಕ್ಕಸಿನವರು ನಾಲ್ವರು, ಕ್ಷೌರದವನು, ಮೋಚಿ, ನೀರಿನವನು.

"ತಂತಿ ಮೇಲೆ ಇರೋ ಅಂಗಿ ಹಾಕ್ಕೊಳ್ಳಿ. ಹನ್ನೊಂದು ಜನ ಸಾಕು. ಒಬ್ಬ ಅಗಸ ಇರಲಿ, ಬಟ್ಟೆ ಬರ್ತಾವೆ" ಎಂದ.

ಅಣ್ಣ ತಮ್ಮನನ್ನು ಹಿಂದಕ್ಕೆ ತಳ್ಳಿದ. "ಇವನ ಹೊಲಿಗೆ ಚೆನ್ನಾಗಿದೆ ಸಾರ್. ನಂದು ಕೋಳಿ ಕೆರೆದಂಗೆ."

ಅಂಗಿಗಳಲ್ಲಿ ಹಳೆಯ ನಂಬರು ಹಾಗೇ ಇತ್ತು.

"ಬಿಚ್ಚೋಕೆ ಪುರುಸೊತ್ತಿರಲಿಲ್ಲ ಸಾರ್" ಎಂದ ಅಪ್ಪ. ಆ ಮಾತು ಹೇಳುವಾಗ ಅವನು ಮೇಜರನ್ನು ನೋಡಲಿಲ್ಲ. ನನ್ನನ್ನೂ ನೋಡಲಿಲ್ಲ.

ಅವರು ಹತ್ತಿದರು. ಮಾರನೆಯ ದಿನ ಮಧ್ಯಾಹ್ನ ಬಟ್ಟೆಯ ಗಂಟು ಬಂತು. ಅಪ್ಪ ಒಂದೊಂದೇ ಬಿಡಿಸಿ ತಣ್ಣೀರಿಗೆ ಹಾಕಿದ. ಒಂದು ಅಂಗಿಯ ಎದೆಯಲ್ಲಿ ಅವನೇ ಹಾಕಿದ್ದ ಹೊಲಿಗೆ ಇತ್ತು. ಅದರ ಪಕ್ಕದಲ್ಲಿ ಹೊಸ ತೂತು. ಕಾಲರಿನಲ್ಲಿ 4417. ಅದು ಮೊದಲ ದಿನವೇ ಸತ್ತ ಒಬ್ಬ ಸಾರ್ಜೆಂಟನ ನಂಬರು. ಹಿಂದಿನ ದಿನ ಆ ಅಂಗಿ ತೊಟ್ಟು ಹೋದವನು ಅಣ್ಣ. ಅಪ್ಪ ಉಳಿದವನ್ನೂ ಹುಡುಕಿದ. ಹನ್ನೊಂದೂ ಆ ಗಂಟಿನಲ್ಲಿದ್ದವು.

ಒದ್ದೆ ಅಂಗಿ ಹಿಡಿದುಕೊಂಡೇ ಗುಮಾಸ್ತನ ಗುಡಾರಕ್ಕೆ ಓಡಿದ. ಗುಮಾಸ್ತ ಪುಸ್ತಕ ತೆಗೆದು ತೋರಿಸಿದ. "ನಾಲ್ಕು ನಾಲ್ಕು ಒಂದು ಏಳು ಹೋದ ಮಂಗಳವಾರವೇ ಸತ್ತಿದ್ದಾನಲ್ಲಯ್ಯಾ. ಒಬ್ಬ ಎರಡು ಸಲ ಸಾಯ್ತಾನಾ? ಹೂಳೋರು ಕೂಗಿದ್ರು. ಹಳೇದನ್ನೇ ಮತ್ತೆ ಕೂಗ್ತಾರೆ ಅಂತ ಬಿಟ್ಟೆ."

"ಅದು ನಮ್ಮಣ್ಣ ಸಾರ್. ಸೀಟಿ."

"ಹಿಂಬಾಲಕರನ್ನ ಮೇಲೆ ಕಳಿಸೋ ಹಾಗಿಲ್ಲ. ಅಂದ್ಮೇಲೆ ಕಳಿಸಿಲ್ಲ."

"ಹಂಗಾದ್ರೆ ಅವರೆಲ್ಲಿ ಸಾರ್?"

ಗುಮಾಸ್ತ ಪೆನ್ನು ಕೆಳಗಿಟ್ಟ. "ನಂಬರ್ ಬಿಚ್ಚೋದು ಯಾರ ಕೆಲಸ? ಹೇಳು. ಯಾರ ಕೆಲಸ? ಇದನ್ನ ಎಳೆದ್ರೆ ಮೊದಲು ನೇಣಿಗೆ ಹೋಗೋನು ನೀನೇ."

ಸಂಜೆ ಹಿಂಬಾಲಕರ ಹಾಜರಿ ಆಯಿತು. ಹನ್ನೊಂದು ಜನ ಇಲ್ಲ. ಓಡಿಹೋದರು ಅಂತ ಬರೆದರು. ಅಪ್ಪ ಆ ಹನ್ನೊಂದು ಅಂಗಿ ಒಗೆದ. ಹೊಲಿದ. ಈ ಸಲ ನಂಬರು ಬಿಚ್ಚಿದ.

ಕೋಣೆಯಲ್ಲಿ ಯಂತ್ರದ ಸದ್ದು ನಿಂತಿತ್ತು. ಯಾವಾಗ ನಿಲ್ಲಿಸಿದ್ದರೋ. ಮೇಜರ್ ಯಂತ್ರದವನ ಕಡೆ ಎತ್ತಿದ ಕೈ ಇನ್ನೂ ಇಳಿಸಿರಲಿಲ್ಲ.

"ನೀನು ಮೇಲೆ ಹೋಗಿದ್ದೆಯಾ?" ಎಂದ.

"ಇಲ್ಲ ಸಾರ್."

"ಅವರು ಸತ್ತಿದ್ದು ಕಣ್ಣಾರೆ ನೋಡಿದ್ದೆಯಾ?"

"ನೋಡಿಲ್ಲ ಸಾರ್. ಒಗೆದೆ."

"ಇದು ಹೋರಾಡಿದವರ ನೆನಪಿನ ಪುಸ್ತಕ. ಒಗೆಯೋ ಶೆಡ್ಡಿನ ಗಾಳಿಮಾತು ಹಾಕೋಕಾಗಲ್ಲ." ನನ್ನ ಕಡೆ ತಿರುಗಿದ. "ಪ್ಯಾಂಟಿನವರೆಗೆ ಟೈಪ್ ಮಾಡು."

ಒಂದು ಹಾಳೆ ಮುಂದಿಟ್ಟರು. ನನ್ನ ನೆನಪು ಇಷ್ಟೇ, ಇದನ್ನು ಸಂತೋಷದಿಂದ ಪಡೆಗೆ ಕೊಡುತ್ತಿದ್ದೇನೆ ಅಂತ ಅದರಲ್ಲಿತ್ತು. ನಾನು ಅಪ್ಪನಿಗೆ ಓದಿ ಹೇಳಿದೆ. ಮಸಿಯ ಡಬ್ಬಿ ಹತ್ತಿರ ಸರಿಸಿದರು. ಅಪ್ಪ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡ.

"ಇಷ್ಟೇ ಅಲ್ಲವಲ್ಲ ಸಾರ್."

"ಒತ್ತು ಮಾರಾಯ, ಬೇರೆ ಜನ ಕಾಯ್ತಿದ್ದಾರೆ."

"ಇಷ್ಟೇ ಅಲ್ಲ."

ಮೇಜರ್ ಹಾಳೆ ಎತ್ತಿಕೊಂಡ. "ಬೇಡ ಬಿಡು. ಪ್ಯಾಂಟಿನ ಕಥೆ ಇನ್ನೂ ಏಳು ಜನ ಹೇಳಿದ್ದಾರೆ. ನಿನ್ನ ಹೆಬ್ಬೆಟ್ಟಿಲ್ಲದೆಯೂ ನಡೆಯುತ್ತೆ."

ಮನೆಯವರೆಗೆ ಅಪ್ಪ ಮುಂದೆ, ನಾನು ಹಿಂದೆ ನಡೆದೆವು. ಕೇಳಬೇಕಾದ್ದು ಒಂದೇ ಇತ್ತು. ಅದನ್ನು ಕೇಳಬೇಕಾದವಳು ನಾನಲ್ಲ.

ದೊಡ್ಡಮ್ಮ ಹಿತ್ತಿಲ ನಲ್ಲಿಯ ಹತ್ತಿರ ಕೂತು ಪಾತ್ರೆ ತಿಕ್ಕುತ್ತಿದ್ದಳು. ಮಧ್ಯಾಹ್ನ ಮೂರು ಗಂಟೆ. "ಬಂದ್ರಾ ಸಾಹೇಬ್ರು" ಎಂದಳು. "ನಕ್ಕರಾ ಎಲ್ಲಾ?"

ಅಪ್ಪ ಹೊಸ್ತಿಲ ಮೇಲೆ ಕೂತ. "ಅತ್ತಿಗೆ" ಎಂದ. ಹೇಳಿದ. ಮೇಜರಿಗೆ ಹೇಳಿದಷ್ಟನ್ನೇ, ಅಷ್ಟೇ ಚಿಕ್ಕ ಚಿಕ್ಕ ಮಾತಿನಲ್ಲಿ. ದೊಡ್ಡಮ್ಮ ತಿಕ್ಕುವುದನ್ನು ನಿಲ್ಲಿಸಲಿಲ್ಲ. ಅದೇ ಪಾತ್ರೆಯನ್ನು ಮತ್ತೆ ಮತ್ತೆ ತಿಕ್ಕಿದಳು.

ಮುಗಿದಾಗ ಕೇಳಿದಳು: "ಅವನು ಹಾಕ್ಕೊಂಡು ಹೋದ ಅಂಗಿ ಒಣಗಿತ್ತಾ?"

"ಇಲ್ಲ. ಒದ್ದೆ."

"ಆ ಚಳೀಲಿ?"

"ಹೂಂ."

ನೀರು ಬಿಟ್ಟು ಪಾತ್ರೆ ತೊಳೆದಳು. "ನಂಬರ್ ಬಿಚ್ಚೋಕೆ ಎಷ್ಟು ಹೊತ್ತು ಬೇಕು?"

"ಒಂದು ಬೀಡಿ ಸೇದೋವಷ್ಟು."

"ಪುರುಸೊತ್ತಿರಲಿಲ್ಲವಾ?"

ಅಪ್ಪ ತಲೆ ತಗ್ಗಿಸಿದ.

"ಇತ್ತು" ಎಂದ.

"ಮಧ್ಯಾಹ್ನದವರೆಗೂ ನಿಲ್ಲಿಸಿದ್ರು ಅತ್ತಿಗೆ. ನಾನು ಬ್ಲೇಡ್ ತಗೊಂಡೆ. ಅಣ್ಣಂದೇ ಮೊದಲು ಬಿಚ್ಚೋಕೆ ಹೋದೆ. ಅವನು ಕೈ ಹಿಡಿದ. ಬೇಡ ಕಣೋ, ಇರಲಿ ಅಂದ. ಒಂದು ದಿನ ನನಗೂ ನಂಬರ್ ಇರಲಿ ಅಂದ. ಎಷ್ಟು ಅಂತ ಓದು ಅಂದ. ಓದಿದೆ. ಎದೆ ಉಬ್ಬಿಸಿ ಸೆಲ್ಯೂಟ್ ಹೊಡೆದ. ಎಲ್ಲಾ ನಕ್ರು. ಆಮೇಲೆ ಒಬ್ಬೊಬ್ಬರೇ ಬಂದ್ರು. ಕಕ್ಕಸಿನವರಲ್ಲಿ ವಯಸ್ಸಾದೋನು ಒಬ್ಬ ಇದ್ದ, ನಡಿಗೆ ನೋಡಿ ಗವರ್ನರ್ ಅಂತಿದ್ವಿ. ಅವನು ಕಾಲರ್ ಮಗುಚಿ ನಿಂತ. ನಂದೆಷ್ಟಪ್ಪಾ ಅಂದ. ಮೂರು, ಸೊನ್ನೆ, ಒಂಬತ್ತು, ಸೊನ್ನೆ ಅಂದೆ. ಅಷ್ಟು ದೊಡ್ಡದಾ ಅಂದ. ಹನ್ನೊಂದು ಜನಕ್ಕೂ ಓದಿ ಹೇಳಿದೆ. ಬಾಯಲ್ಲಿ ಹೇಳ್ಕೊತಾ ಹೋದ್ರು, ಮರೆತುಹೋಗದ ಹಾಗೆ. ನನಗೂ... ನನಗೂ ಚೆನ್ನಾಗೇ ಅನ್ನಿಸ್ತು ಅತ್ತಿಗೆ. ಬಿಚ್ಚೋಕೆ ಮನಸ್ಸು ಬರಲಿಲ್ಲ."

ದೊಡ್ಡಮ್ಮ ಎದ್ದು ನಿಂತಳು. ಕೈಯಿಂದ ನೀರು ಸುರಿಯುತ್ತಿತ್ತು.

"ಅವನು ನಕ್ಕನಾ?"

"ನಕ್ಕ. ಸೀಟಿ ಹಾಕ್ತಾ ಹೋದ."

"ಅಂಗಿ ಹಿಂದಕ್ಕೆ ನಿನ್ನ ಹತ್ರ ಬಂತು."

"ಹೂಂ."

"ಅಂದ್ರೆ ಬರಿಮೈಯಲ್ಲಿ ಹೂತ್ರಾ?"

ಅಪ್ಪ ಮುಖ ಆಚೆ ತಿರುಗಿಸಿದ. ದೊಡ್ಡಮ್ಮ ಕೈಯಲ್ಲಿದ್ದ ಪಾತ್ರೆಯನ್ನು ಬೀಸಿ ಒಗೆದಳು. ಅದು ಅಪ್ಪನ ಭುಜಕ್ಕೆ ಬಡಿದು ಒಳಗೆ ಉರುಳಿತು. ಅಪ್ಪ ಅಲುಗಲಿಲ್ಲ.

"ನಲವತ್ತೊಂದು ವರ್ಷ ಬೈದೆನಲ್ಲೋ! ದಿನಾ ಬೈದೆನಲ್ಲೋ, ಸತ್ತವನಿಗೆ! ಪಕ್ಕದಲ್ಲೇ ಕೂತು ಉಂಡ್ಕೊಂಡು ಕೇಳಿದೆಯಲ್ಲೋ!"

"ಹೇಳಿದ್ರೆ ಸತ್ತೇಹೋಗ್ತಿದ್ದ ಅತ್ತಿಗೆ. ನಿಮ್ಮ ಬಾಯಲ್ಲಾದ್ರೂ..."

"ಮುಚ್ಚು."

ಅವಳು ಅಳಲಿಲ್ಲ. ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು. ಮಾರನೆಯ ದಿನ ಎಂದಿನಂತೆ ಲಾಂಡ್ರಿಗೆ ಹೋದಳು. ಆಮೇಲೆ ನಮ್ಮ ಮನೆಯಲ್ಲಿ ಬೈಗುಳ ನಿಂತಿತು. ಅಷ್ಟು ನಿಶ್ಶಬ್ದವಾದ ಮನೆಯನ್ನು ನಾನು ಕಂಡಿಲ್ಲ. ಅಪ್ಪನಿಗೆ ಬಡಿಸುವುದನ್ನೂ ಅವಳು ಬಿಟ್ಟಳು. ಅವನು ತಾನೇ ಬಡಿಸಿಕೊಂಡು ಹಿತ್ತಿಲಲ್ಲಿ ಕೂತು ತಿನ್ನುತ್ತಿದ್ದ.

ಎರಡು ತಿಂಗಳಿಗೆ ಪುಸ್ತಕ ಅಚ್ಚಾಯಿತು. ಅದರ ಬಿಡುಗಡೆಯ ದಿನವೇ, ಯುದ್ಧದಲ್ಲಿ ಸತ್ತವರ ಹೆಸರು ಕೆತ್ತಿದ ಕಪ್ಪು ಕಲ್ಲಿನ ಗೋಡೆಯನ್ನೂ ತೆರೆಯುವುದು. ನಮಗೂ ಕರೆ ಬಂತು. ಅಪ್ಪನಿಗೆ ಪ್ರಶಸ್ತಿ ಪತ್ರ ಕೊಡುತ್ತಾರಂತೆ. ಅಪ್ಪ ಕರೆಯೋಲೆಯನ್ನು ಮಡಚಿ ಕಿಟಕಿಯಲ್ಲಿಟ್ಟ. ದೊಡ್ಡಮ್ಮ ಅದನ್ನು ತೆಗೆದು ನನ್ನ ಕೈಗೆ ಕೊಟ್ಟಳು. "ಎಷ್ಟು ಗಂಟೆಗೆ ಓದು."

"ದೊಡ್ಡಮ್ಮ, ಅಲ್ಲಿ ನಗ್ತಾರೆ."

"ನಗಲಿ. ನಕ್ಕಿದ್ದು ನಾನೂ ಕೇಳಬೇಕು."

ಗೋಡೆಯನ್ನು ಮೊದಲು ತೆರೆದರು. ಇನ್ನೂರ ಹನ್ನೆರಡು ಹೆಸರು, ಒಂದೊಂದರ ಮುಂದೂ ಹುದ್ದೆ. ದೊಡ್ಡಮ್ಮ ನನ್ನ ಕೈ ಹಿಡಿದು ಗೋಡೆಯುದ್ದಕ್ಕೂ ನಡೆದಳು. "ಅಗಸ ಅಂತ ಎಲ್ಲಾದ್ರೂ ಇದೆಯಾ?" ಇಲ್ಲ ಎಂದೆ. "ಅಡುಗೆಯವನು?" ಇಲ್ಲ. "ಕಕ್ಕಸಿನೋರು?" ಇಲ್ಲ ದೊಡ್ಡಮ್ಮ. ಹತ್ತಿರ ನಿಂತಿದ್ದ ಕಾವಲಿನವನು ಕಲ್ಲು ಮುಟ್ಟಬೇಡಿ ಎಂದ.

ಸಭಾಂಗಣದಲ್ಲಿ ಮೊದಲ ಸಾಲುಗಳು ಪದಕದವರಿಗೆ. ಹಿಂದೆ ಸತ್ತವರ ಮನೆಯವರು. ಕೊನೆಯ ಬೆಂಚು ನಮಗೆ. ಮೇಜರ್ ಮೈಕಿನ ಮುಂದೆ ನಿಂತು ಪುಸ್ತಕದಿಂದ ಎರಡು ಪುಟ ಓದಿದ. ಜನ ಕಣ್ಣೊರೆಸಿಕೊಂಡರು. ಮೂರನೆಯದಾಗಿ ಪ್ಯಾಂಟಿನ ಪುಟ ಓದಿದ. 'ಇದರೊಳಗಿದ್ದ ನಾನೆಲ್ಲಿ ಹೋದೆ' ಅನ್ನುವುದನ್ನು ಕರ್ನಲ್ಲರ ದನಿಯಲ್ಲೇ ಓದಿದ. ಸಭೆ ಬಿದ್ದು ಬಿದ್ದು ನಕ್ಕಿತು.

"ಆ ಅಗಸ ಇವತ್ತು ಇಲ್ಲೇ ಇದ್ದಾನೆ. ಬಾರಪ್ಪಾ ಮೇಲೆ!"

ತಲೆಗಳೆಲ್ಲ ಹಿಂದೆ ತಿರುಗಿದವು. ಅಪ್ಪ ಏಳಲಿಲ್ಲ. ಎರಡು ಕೈಯಿಂದ ಬೆಂಚಿನ ಅಂಚು ಹಿಡಿದುಕೊಂಡಿದ್ದ.

"ನಾಚಿಕೆ ಅವನಿಗೆ" ಎಂದ ಮೇಜರ್. "ಈ ಸಲ ಯಾರ ಪ್ಯಾಂಟನ್ನೂ ಕೇಳಲ್ಲ, ಬಾ!"

ಮತ್ತೆ ನಗು. ದೊಡ್ಡಮ್ಮ ಎದ್ದಳು. ನಡುವಿನ ದಾರಿಯಲ್ಲಿ ನಡೆದಳು. ಅವನ ಬದಲು ಇವಳು ಬರುತ್ತಿದ್ದಾಳೆ ಅಂದುಕೊಂಡು ಜನ ಚಪ್ಪಾಳೆ ತಟ್ಟಿದರು. ವೇದಿಕೆಗೆ ಐದು ಮೆಟ್ಟಿಲು. ಮಂಡಿ ಹಿಡಿದುಕೊಂಡು ಒಂದೊಂದೇ ಹತ್ತಿದಳು. ಮೇಜರ್ ಪತ್ರ ಚಾಚಿದ. ಅವಳು ಅದನ್ನು ತೆಗೆದುಕೊಳ್ಳಲಿಲ್ಲ. ಮೈಕಿನ ಮುಂದೆ ಹೋಗಿ ನಿಂತಳು.

"ನಾನು ಓಡಿಹೋದವನ ಹೆಂಡತಿ" ಎಂದಳು.

ಇದೂ ತಮಾಷೆಯೇ ಅಂತ ಕೆಲವರು ನಕ್ಕರು.

"ನನ್ನ ಗಂಡನೂ ನಿಮ್ಮ ಬಟ್ಟೆ ಒಗೆದವನೇ. ಓಡಿಹೋದ ಅಂತ ನಂಗೆ ಕಾಗದ ಬರೆದ್ರಿ. ಯಾವ ಕಡೆಗೆ ಓಡಿದ ಅಂತ ಬರೀಲಿಲ್ಲ. ಈಗ ಗೊತ್ತಾಯ್ತು. ಮೇಲಕ್ಕೆ ಓಡಿದ. ಒದ್ದೆ ಅಂಗಿ ಹಾಕ್ಕೊಂಡು ನಿಮ್ಮ ಬೆಟ್ಟದ ಮೇಲಕ್ಕೆ ಓಡಿದ. ಅಡುಗೆಯವರು ಮೂವರು, ಅವರೂ ಮೇಲಕ್ಕೆ ಓಡಿದ್ರು. ಕಕ್ಕಸು ಬಳಿಯೋರು ನಾಲ್ವರು..."

ಮೈಕು ಸತ್ತಿತು. ಯಾರೋ ತಂತಿ ಎಳೆದಿದ್ದರು. ದೊಡ್ಡಮ್ಮನಿಗೆ ಅದು ತಿಳಿಯಿತೋ ಇಲ್ಲವೋ. ಅವಳ ದನಿ ಒಂದು ಚೂರೂ ಇಳಿಯಲಿಲ್ಲ.

"...ಕ್ಷೌರದವನು. ಮೋಚಿ. ನೀರು ಹೊರೋನು. ಹನ್ನೊಂದು ಜನ. ಮೂರನೇ ಸಲ ಗೆದ್ವಿ ಅಂತೀರಲ್ಲ, ನಿಮ್ಮ ಪಕ್ಕದಲ್ಲಿ ಹತ್ತಿದೋರು ಯಾರು? ಯಾರಾದ್ರೂ ಒಬ್ರು ಎದ್ದು ಹೇಳಿ. ನೋಡಿರ್ತೀರಲ್ಲ. ನಿಮ್ಮ ಗಡ್ಡ ಹೆರೆದೋನ ಮುಖ ನಿಮಗೆ ಗೊತ್ತಿರಲ್ವಾ?"

ಮುಂದಿನ ಸಾಲುಗಳಲ್ಲಿ ನನ್ನ ನಲವತ್ತೆರಡು ಜನ ಕೂತಿದ್ದರು. ನೀರು ಕೇಳಿದವನೂ ಇದ್ದ. ಅವನ ಬೋಳುತಲೆ ಹಿಂದಿನಿಂದ ನನಗೆ ಕಾಣುತ್ತಿತ್ತು. ಅದು ನಿಧಾನವಾಗಿ ಬಾಗಿತು. ಇನ್ನೂ ಬಾಗಿತು. ಅವನು ಏಳಲಿಲ್ಲ. ಯಾರೂ ಏಳಲಿಲ್ಲ.

ಮೇಜರ್ ಅವಳ ಹತ್ತಿರ ಬಂದ. ನಗುಮುಖ ಇನ್ನೂ ಹಾಗೇ ಇತ್ತು. "ಆಯ್ತಮ್ಮಾ, ಆಯ್ತು. ಈಗ ಇಳಿಯಿರಿ ಕೆಳಗೆ."

"ಇಳಿಯಲ್ಲ."

"ಇಳಿಯಮ್ಮಾ."

"ನನ್ನ ಗಂಡಂಗೆ ಇಳಿ ಅಂತ ಯಾರಾದ್ರೂ ಅಂದ್ರಾ? ಹತ್ತು ಅಂದ್ರಿ. ಇಳಿ ಅನ್ನಲಿಲ್ಲ."

ಇಬ್ಬರು ಕಾವಲಿನವರು ಪಕ್ಕದ ಬಾಗಿಲಿಂದ ಬಂದು ಮೆಟ್ಟಿಲ ಕೆಳಗೆ ನಿಂತು ಮೇಜರ್‌ನ ಮುಖ ನೋಡಿದರು. ಆಗ ನನ್ನ ಪಕ್ಕದಲ್ಲಿ ಬೆಂಚು ಕಿರುಗುಟ್ಟಿತು. ಅಪ್ಪ ಎದ್ದಿದ್ದ. ಯಾರನ್ನೂ ನೋಡದೆ ನಡುವಿನ ದಾರಿಯಲ್ಲಿ ಹೋದ. ಕಾವಲಿನವರ ನಡುವೆ ಭುಜ ತೂರಿಸಿ ದಾರಿ ಮಾಡಿಕೊಂಡ. ಹತ್ತಿದ.

ದೊಡ್ಡಮ್ಮ ಅವನನ್ನು ನೋಡಿದಳು. ಪಕ್ಕಕ್ಕೆ ಸರಿಯಲಿಲ್ಲ, ಜಾಗ ಕೊಡಲಿಲ್ಲ. ಅಪ್ಪ ಕೊನೆಯ ಮೆಟ್ಟಿಲ ಮೇಲೆಯೇ, ಅವಳಿಗೂ ಕಾವಲಿನವರಿಗೂ ನಡುವೆ, ಸಭೆಗೆ ಬೆನ್ನು ಹಾಕಿ ನಿಂತ.